ಕೆಂಪಿಯ ಹೆಸರಿನಲ್ಲಿ ಕಳಿಸಿದ ರಕ್ತ

ತಿಗನಾರೆ
14-9-1998

ಪ್ರೀತಿಯ ತಮ್ಮ ಮಹದೇವಸ್ವಾಮಿಗೆ,

ಅಕ್ಕ ಶಾಂತಮಲ್ಲಮ್ಮ ಮನಸಾರೆ ಹರಸಿ ಬರೆಯುವುದು. ನಾವೆಲ್ಲ ಹೀಗೇ ಇದ್ದೇವೆ, ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಎಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಕಳೆ ಕೀಳುವ ಕೆಲಸವಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಮೂರು ಸಲ ಬರೆಯಲು ಕೂತು ಮೂರು ಸಲವೂ ಎದ್ದುಹೋದೆ, ಬೇಸರ ಮಾಡಿಕೊಳ್ಳಬೇಡ.

ನಮ್ಮ ನಾಯಿ ಕೆಂಪಿ ಹೋದ ಸೋಮವಾರ ಸತ್ತಿತು. ಮತ್ತೊಮ್ಮೆ ಅದರ ರಕ್ತ ಕಳಿಸು ಎಂದು ಕೇಳಿದ್ದೆಯಲ್ಲ, ಇನ್ನು ಆಗದ ಮಾತು. ಮೊಲೆಯ ಗಡ್ಡೆ ಒಡೆದು ಹುಳು ಬಿದ್ದಿತ್ತು. ನಮ್ಮ ಹೊಲಕ್ಕೆ ಕೂಲಿಗೆ ಬರುವ ರಾಚ ಕುಡುಗೋಲು ಕಾಯಿಸಿ ಬರೆ ಹಾಕಿದ. ಬೇಡವೆಂದರೆ, "ಸುಮ್ಕಿರವ್ವ, ದನಕ್ಕೆ ವಾಸಿ ಆಯ್ತದ, ನಾಯ್ಗೆ ಆಗಲ್ವಾ?" ಅಂದ. ಅವತ್ತಿನಿಂದ ಕೆಂಪಿ ಅನ್ನ ಮುಟ್ಟಲಿಲ್ಲ. ಹೊಲಕ್ಕೆ ಹಂದಿ ನುಗ್ಗಿದಾಗಲೂ ಮಲಗಿದಲ್ಲಿಂದಲೇ ಒಂದು ಸಲ ಬೊಗಳಿ ಸುಮ್ಮನಾಯಿತು. ಅತ್ತುಬಿಟ್ಟೆ ಕಣೋ.

ಶಿವರಾತ್ರಿಗೆ ಬಂದವನು ನೀನು ಗಡ್ಡೆಯ ಚೂರು ಕತ್ತರಿಸಿ ಮದರಾಸಿನ ನಿನ್ನ ಲ್ಯಾಬಿಗೆ ಒಯ್ದಾಗ ಊರೆಲ್ಲ ನಕ್ಕಿತ್ತು. ನಿಮ್ಮ ಭಾವ ಈಗಲೂ, "ನಾಯ್ಗೆ ಅಷ್ಟು ದೊಡ್ಡ ಪರೀಕ್ಷೆ ಮಾಡುಸ್ತಾನೆ ನಿನ್ ತಮ್ಮ, ನಂಗೊಂದು ಕನ್ನಡ್ಕ ಮಾಡುಸ್ನಿಲ್ಲ ಕಣಮ್ಮಿ" ಎಂದು ಚುಚ್ಚುತ್ತಾರೆ. ನಾನು ಮಾತ್ರ ನಗಲಿಲ್ಲ. ಪರೀಕ್ಷೆ ಆಯಿತೆಂದರೆ ಹಿಂದೆಯೇ ಔಷಧಿ ಬರುತ್ತದೆ ಎಂದು ಕಾದೆ. ಗಡ್ಡೆಯ ಜೀನಿನಲ್ಲಿ ಒಂದು ಕಡೆ ತಪ್ಪಿದೆ, ಅದು ತಾಯಿಯಿಂದ ಬಂದದ್ದೋ ಆಮೇಲೆ ಆದದ್ದೋ ತಿಳಿಯಲು ರಕ್ತ ಬೇಕು, ತಿಳಿದರೂ ಕೆಂಪಿಗೆ ಮದ್ದಿಲ್ಲ ಎಂದು ನೀನು ಬರೆದೆ. ಮದ್ದಿಲ್ಲದ ಮೇಲೆ ಅಷ್ಟೆಲ್ಲ ಓದಿ ಏನು ಬಂತು, ಸ್ವಾಮಿ? ನಿನ್ನ ಮೇಲೆ ಕೋಪ ಬಂದದ್ದು ನಿಜ.

ಐಸಿನಲ್ಲಿಟ್ಟು ಕಳಿಸಿದ ರಕ್ತ ಪರೀಕ್ಷೆಗೆ ಬಗ್ಗಲಿಲ್ಲ, ಕೆಟ್ಟಿತ್ತು ಎಂದು ಬೈದು, ಅದನ್ನು ಚೆಲ್ಲಿದ್ದಾಗಿ ಬರೆದಿದ್ದೀಯ. ರಕ್ತ ತೆಗೆದ ದನದಾಸ್ಪತ್ರೆಯ ಕಾಂಪೌಂಡರ್ ರಂಗಸ್ವಾಮಿಯ ಮೇಲೆ ದೂರು ಕೊಡುತ್ತೇನೆ ಅಂದಿದ್ದೀಯ. ಖಂಡಿತ ಕೊಡಬೇಡ. ಕೆಂಪಿ ಕೈ ಕಚ್ಚಿದರೂ ಅವನು ಕೆಲಸ ಬಿಡಲಿಲ್ಲ. ಅವನದೇನೂ ತಪ್ಪಿಲ್ಲ, ಅಕ್ಕನ ಮಾತು ನಂಬು.

ನಮ್ಮ ಸುನೀತ ಹತ್ತನೇ ಕ್ಲಾಸಿನಲ್ಲಿ ಚೆನ್ನಾಗಿ ಓದುತ್ತಿದ್ದಾಳೆ, ಮಾವನನ್ನು ಕೇಳಿದೆನೆಂದು ಬರೆ ಅಂದಳು. ನೀನು ನೂರು ಕಾಲ ತಣ್ಣಗಿರು. ಮಾದಪ್ಪ ನಿನ್ನ ಕೈ ಹಿಡಿದು ನಡೆಸಲಿ.

ನಿನ್ನ ಅಕ್ಕ,
ಶಾಂತಮಲ್ಲಮ್ಮ

ಮೇಲೆ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತೇನೆ, ಒಬ್ಬನೇ ಓದು. ರಂಗಸ್ವಾಮಿ ತೆಗೆದ ರಕ್ತವನ್ನು ಬಚ್ಚಲಿಗೆ ಸುರಿದವಳು ನಾನೇ. ಆ ಸೀಸೆ ತೊಳೆದು, ನರ್ಸ್ ಶಿವನಂಜಮ್ಮನಿಂದ ನನ್ನ ರಕ್ತ ತುಂಬಿಸಿ ಕಳಿಸಿದೆ. ಯುಗಾದಿಗೆ ಮೊದಲೇ ನನ್ನ ಎಡ ಎದೆಯಲ್ಲಿ ಗಡ್ಡೆ ಬಂದಿತ್ತು. ಅವ್ವ ಸತ್ತಾಗ ನಿನಗೆ ಆರು ವರ್ಷ, ಜ್ವರ ಎಂದು ಹೇಳಿದ್ದೆವು. ಅವಳಿಗಿದ್ದದ್ದೂ ಇದೇ. ತಮ್ಮನ ಮುಂದೆ ಇದನ್ನು ಹೇಗೆ ಹೇಳಲಿ? ನಾಯಿಯದೆಂದರೆ ನಾಚಿಕೆಯಿಲ್ಲದೆ ನೋಡಿ, ಬರೆದು ತಿಳಿಸುತ್ತೀಯ ಅಂದುಕೊಂಡೆ. ಮೊನ್ನೆ ಶಿವನಂಜಮ್ಮ ಮುಟ್ಟಿ ನೋಡಿ, "ಕಂಕುಳ್ಗೂ ಅಬ್ಬಿಬುಟ್ಟದ ಕಣಕ್ಕ, ತಡ ಆಗೋಗದ" ಅಂದಳು. ನನ್ನದು ಬಿಡು. ಸುನೀತಳ ರಕ್ತವನ್ನು ಅವಳ ಹೆಸರಿನಲ್ಲೇ ಕಳಿಸುತ್ತೇನೆ, ಅದನ್ನು ಚೆಲ್ಲಬೇಡ.