ಅಡುಗೆಮನೆಯ ಸೊರ್ರ್

ನವೆಂಬರ್ ೧೪, ಶುಕ್ರವಾರ. ರಾತ್ರಿ ಒಂಬತ್ತೂವರೆ.

ಆ ಸದ್ದು ಕಿವಿ ಬಿಟ್ಟು ಹೋಗುತ್ತಿಲ್ಲ.

ಬೆಳಿಗ್ಗೆ ನಾದಿನಿ ಬಂದು ಚಹಾದ ಡಬ್ಬಿಯೊಂದನ್ನು ಕೊಟ್ಟಳು. ಪುಡಿಯಲ್ಲ, ಉದ್ದುದ್ದ ಕಪ್ಪು ಎಲೆ. ಕ್ಯಾರಮೆಲ್ ಪುಡಿಂಗಿನ ಪರಿಮಳ ಬೆರೆಸಿದ್ದು. "ಮೂವತ್ತು ವರ್ಷ ಚಹಾದ ರುಚಿ ನೋಡೇ ಸಂಬಳ ತಗೊಂಡ್ರಲ್ಲ ಭಾವ, ಇದಕ್ಕೆಷ್ಟು ಮಾರ್ಕು ಕೊಡ್ತೀರ?" ಎಂದಳು.

"ಚಹಾಕ್ಕೂ ವೇಷ ಹಾಕ್ಸಿದಾರಲ್ಲೇ!"

"ಅಕ್ಕ ಇದ್ದಿದ್ರೆ ಡಬ್ಬಿ ನಿಮ್ಮ ಕೈಗೇ ಸಿಗ್ತಿರ್ಲಿಲ್ಲ" ಎಂದು ನಕ್ಕು ಹೋದಳು. ನಿಜ, ಸಿಹಿ ಎಂದರೆ ನನ್ನವಳಿಗೆ ಪ್ರಾಣ.

ಸಂಜೆ ಐದು ನಿಮಿಷ ಎಲೆ ನೆನೆಸಿ, ಹಳೇ ಕಸುಬಿನ ಅಭ್ಯಾಸದಂತೆ ಚಮಚದಿಂದ ಸೊರ್ರೆಂದು ಎಳೆದೆ. ಮೂಗಿಗೆ ಸುಟ್ಟ ಸಕ್ಕರೆ, ನಾಲಿಗೆಗೆ ಬರೀ ಒಗರು. ಅಷ್ಟರಲ್ಲಿ ಅಡುಗೆಮನೆಯಿಂದಲೂ ಸೊರ್ರ್ ಎಂದಿತು.

ನಾನು ಹೀಗೆ ಎಳೆದಾಗಲೆಲ್ಲ ಅವಳು ಒಳಗಿನಿಂದ ಅಣಕಿಸುತ್ತಿದ್ದುದು ಹಾಗೆಯೇ. ಅವಳು ಹೋಗಿ ಎರಡು ವರ್ಷವಾಯಿತು. ಎದ್ದು ನೋಡಿದೆ. ನಲ್ಲಿ ಒಣಗಿತ್ತು, ಕಿಟಕಿ ಮುಚ್ಚಿತ್ತು. ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಇಲ್ಯೂಷನ್ ಬೇರೆ, ಡಿಲ್ಯೂಷನ್ ಬೇರೆ ಎನ್ನುತ್ತಿದ್ದರು. ಒಂದು ಕಿವಿಯ ತಪ್ಪು, ಇನ್ನೊಂದು ತಲೆಯ ತಪ್ಪು. ಯಾವುದು ಯಾವುದೋ, ಈಗ ಬೇಕಾದಾಗ ಮರೆತಿದೆ.

ಪರೀಕ್ಷೆಗೆಂದು ಇನ್ನೊಮ್ಮೆ ಎಳೆದೆ. ಒಳಗಿನಿಂದ ಉತ್ತರ ಬಂತು. ಹೆದರಬೇಕಾದವನಿಗೆ ಕಣ್ಣು ತುಂಬಿತು. "ಸಾಕು ಮಾಡೇ, ನಗು ಬರುತ್ತೆ" ಎಂದು ಎಂದಿನಂತೆ ಗದರಿಯೂ ಬಿಟ್ಟೆ.

ಮೂರನೆಯ ಸಲ, ನಾನು ಚಮಚ ಎತ್ತುವ ಮೊದಲೇ ಒಳಗೆ ಸೊರ್ರ್ ಎಂದಿತು.

ಅಣಕಿಸುವವರು ಎಂದೂ ಮೊದಲು ಎಳೆಯುವುದಿಲ್ಲ.

ಆಗಿನಿಂದ ಅಡುಗೆಮನೆಗೆ ಕಾಲಿಟ್ಟಿಲ್ಲ. ನಾಳೆ ಡಬ್ಬಿಯನ್ನು ನಾದಿನಿಗೆ ಹಿಂದಕ್ಕೆ ಕೊಟ್ಟುಬಿಡಬೇಕು. ಆದರೆ ಒಳಗಿರುವುದು ಅವಳೇ ಆಗಿದ್ದರೆ, ಅವಳಿಗಿಷ್ಟವಾದ ಸಿಹಿಯನ್ನು ಹೇಗೆ ಕೊಟ್ಟುಬಿಡಲಿ?