ಹೊರಗಿನವರ ಕೈಯ ತುತ್ತು

೯ ಆಜೂರ್, ೧೩೫೦ ಫಸಲಿ. ತಾಂಡೂರು

ದಸರೆ ಮುಗಿದು ಶಾಲೆ ಮತ್ತೆ ಶುರು. ದಿನವಿಡೀ ಹುಡುಗಿಯರಿಗೆ ಉರ್ದುವಿನ ಅಲಿಫ್, ಬೇ, ತೇ. ಗಂಟಲು ಒಣಗಿತು. ಮನೆಗೆ ಬಂದು ಇಲ್ಲಿ ನಾಲ್ಕು ಸಾಲು ಕನ್ನಡ ಗೀಚಿದರೆ ಸಮಾಧಾನ; ತಾರೀಖು, ತಿಂಗಳು ಮಾತ್ರ ನಿಜಾಮ ಸರ್ಕಾರದ್ದು. ನಮ್ಮ ಯಜಮಾನರು ಕಲಿಸಿದ ಅಕ್ಷರ. ಅವರು ಹೋದರು, ಅಕ್ಷರ ಉಳಿಯಿತು. ಅತ್ತೆ ಉಳಿದರು. ನಾಯಿ ಉಳಿಯಿತು.

ಸಂಜೆ ಪಕ್ಕದ ಮನೆಯ ಮೋನಮ್ಮ ಗೋಡೆ ಮೇಲಿಂದ ಕೂಗಿದಳು— “ಉಮಾಬಾಯಿ, ನಮ್ ನಾಯಿ ಸತ್ತು ಬಿದ್ದದ ನೋಡ್ ಬರ್ರಿ! ಯಾರೋ ಹಾಳಾಗಿ ಹೋಗೋರು ಕುಚಲಾದ ವಿಷ ಹಾಕ್ಯಾರ!” ಹೋಗಿ ನೋಡಿದೆ. ನಾಲ್ಕೂ ಕಾಲು ಕಟ್ಟಿಗೆಯ ಹಾಗೆ ಸೆಟೆದಿದ್ದವು. ಬಾಯಿ ತುಂಬ ನೊರೆ. ವಿಷ ಯಾರು ಹಾಕಿದರೋ, ಯಾಕೆ ಹಾಕಿದರೋ, ಯಾರಿಗೂ ಗೊತ್ತಿಲ್ಲ.

ಬಂದು ನಮ್ಮ ನಾಯಿ ಜಮಾದಾರನ ಬಾಯಿ ತೆರೆದು ಮೂಸಿದೆ. ಅವನಿಗೆ ಸಿಟ್ಟು ಬಂತು. ಹೆಸರು ಅವರೇ ಇಟ್ಟದ್ದು— ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ತಪಾಸಣೆ ಮಾಡುತ್ತಾನೆ ಅಂತ.

೧೨ ಆಜೂರ್

ಮೈದುನ ಶಂಕ್ರೆಪ್ಪ ಕೊಡಂಗಲ್‌ನಿಂದ ಬಂದಿದ್ದ. ಜೊತೆಗೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರಿ ಒಬ್ಬ. ಇಬ್ಬರೂ ಅಂಗಳದ ಉದ್ದಗಲ ಕಣ್ಣಲ್ಲೇ ಅಳೆದರು. ಜಮಾದಾರ ವ್ಯಾಪಾರಿಯ ಧೋತರ ಹರಿದ. ನಾನು ಬೈಯಲಿಲ್ಲ.

ಚಹಾ ಕುಡಿಯುತ್ತ ಶಂಕ್ರೆಪ್ಪ ಶುರುಮಾಡಿದ— “ವೈನಿ, ಎರಡು ಹೆಣ್ಣು ಜೀವ ಹಿಂಗ ಒಂಟಿ ಇರೋದು ಛಲೋ ಅಲ್ಲ. ಮನಿ ಮಾರಿಬಿಡೂನು. ಕೊಡಂಗಲ್‌ಗಿ ಬರ್ರಿ. ಅವ್ವ ನನ್ನ ಬಲ್ಲಿ ಇರ್ತಾಳ.”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ— “ಜಮಾದಾರ ಬಾಗಲ್ದಾಗ ಇರೋತನ ನನಗೇನು ಅಂಜಿಕಿ ಇಲ್ಲಪ್ಪ. ಅವ ಹೋದ ದಿನ ಬರ್ತೀನಿ, ನಡಿ.”

ಶಂಕ್ರೆಪ್ಪ ನಕ್ಕ. ನಾಯಿಯನ್ನು ನೋಡುತ್ತ ನಕ್ಕ.

ಕೊಡಂಗಲ್‌ಗೆ ಹೋದರೆ ಶಾಲೆ ಬಿಟ್ಟ ಹಾಗೆ. ಅವನ ಹೆಂಡತಿಯ ಒಲೆ ಮುಂದೆ ರೊಟ್ಟಿ ಬಡಿಯುತ್ತ ಮುದುಕಿಯಾಗಬೇಕು. ಅತ್ತೆ ಇಲ್ಲಿದ್ದರೆ ನಾನು ಇಲ್ಲಿ. ನಾಯಿ ಇದ್ದರೆ ಅತ್ತೆ ಇಲ್ಲಿ. ನನ್ನ ಬಾಳು ಒಂದು ನಾಯಿಯ ಮೇಲೆ ನಿಂತಿದೆ. ನಗು ಬರಬೇಕಿತ್ತು. ಬರಲಿಲ್ಲ.

೧೪ ಆಜೂರ್

ತುಳಸಿರಾಮ ವಕೀಲರ ಮನೆಗೆ ಹೋಗಿದ್ದೆ. ಅವರ ಮಗಳು ನನ್ನ ಕ್ಲಾಸಿನವಳು. ನಾಚಿಕೆ ಬಿಟ್ಟು ಕೇಳಿದೆ— ನಾಯಿಯನ್ನು ಯಾರಾದರೂ ಬೇಕಂತಲೇ ಕೊಂದರೆ ಕಾನೂನು ಇದೆಯೆ?

“ಅದ ಬಾಯಿ, ಯಾಕಿಲ್ಲ? ಆದ್ರ ಕಾನೂನಿನ ಕಣ್ಣಾಗ ನಾಯಿ ಜೀವ ಅಲ್ಲ, ಮಾಲು. ಮಾಲು ಅಂದಮ್ಯಾಲ ಮಾಲಿಕ ಬೇಕು. ಕಿಮ್ಮತ್ತು ಬೇಕು. ನೋಡಿದವರು ಬೇಕು.”

ಕಿಮ್ಮತ್ತು! ಸ್ಟೇಷನ್ ಹಿಂದೆ ತೊಗರಿ ಚೀಲಗಳ ಸಂದಿಯಲ್ಲಿ ನಮ್ಮ ಯಜಮಾನರಿಗೆ ಸಿಕ್ಕ ಮರಿ ಅದು.

“ಮೊದಲ ಕೊಳ್ಳಾಗ ಪಟ್ಟಾ ಹಾಕ್ರಿ,” ಎಂದರು. “ಪಟ್ಟಾ ಇಲ್ಲದ ನಾಯಿ ಸತ್ರ ಕೇಳೋರಿಲ್ಲ. ಹಿತ್ತಾಳಿ ಬಿಲ್ಲಿ ಮ್ಯಾಲ ಮಾಲಿಕನ ಹೆಸರು ಕೆತ್ತಸ್ರಿ. ಕತ್ತಲಾದ ಮ್ಯಾಲ ಒಳಗ ಕಟ್ರಿ. ಹೊರಗಿನವರ ಕೈಯಾಗಿಂದು ತಿನ್ನದಂಗ ಕಲಸ್ರಿ. ಕೋರ್ಟಿಗಿಂತ ಅದೇ ಛಲೋ.”

೧೭ ಆಜೂರ್

ಚಮ್ಮಾರ ಬಕ್ಕಪ್ಪ ಪಟ್ಟಾ ಹೊಲಿದು ಕೊಟ್ಟ. ಗಟ್ಟಿ ಚರ್ಮ. ಬಿಲ್ಲೆ ಕೆತ್ತುವವನು ಕೇಳಿದ, ಯಾರ ಹೆಸರು? ಉಮಾಬಾಯಿ ಎಂದು ಕೆತ್ತಿಸಿದರೆ ಓಣಿ ಎಲ್ಲ ನಗುತ್ತದೆ. ಮನೆ ಬಾಗಿಲ ಮೇಲೂ ಯಜಮಾನರದೇ ಹೆಸರಿದೆ, ನಾಯಿಯ ಕೊರಳಲ್ಲೂ ಇರಲಿ. “ಗುರುಲಿಂಗಪ್ಪ, ತಾಂಡೂರು” ಎಂದೆ. ಉರ್ದು ಅಕ್ಷರ, ಪೊಲೀಸರಿಗೆ ಓದಲು ಬರುವ ಹಾಗೆ.

ಜಮಾದಾರ ಬಿಲ್ಲೆ ಅಲ್ಲಾಡಿಸುತ್ತ ಮನೆ ಸುತ್ತಿದ. ಅತ್ತೆ— “ಈಗ ಖರೇ ಜಮಾದಾರ ಆದ ನೋಡು!”

೨೨ ಆಜೂರ್

ಪಾಠ ಶುರು. ಹುಡುಗಿಯರಿಗಿಂತ ಬೇಗ ಕಲಿಯುತ್ತಾನೆ.

ಹಾಲಿನ ಮಾಳಮ್ಮನ ಕೈಗೆ ಬೆಲ್ಲ ಸವರಿದ ರೊಟ್ಟಿ ಚೂರು ಕೊಟ್ಟೆ. ಬೆಲ್ಲದ ಕೆಳಗೆ ಖಾರದ ಪುಡಿ. “ಪಾಪ ಹತ್ತತದ ಬಾಯಿ ನನಗ,” ಎಂದು ಗೊಣಗುತ್ತಲೇ ಹಾಕಿದಳು. ತಿಂದ. ಸೀನಿದ, ನೀರಿಗೆ ಓಡಿದ. ಆಮೇಲೆ ನಾನು ಅವನ ಕಲ್ಲಿನ ಮರಗಿಯಲ್ಲಿ ಹಾಲು ರೊಟ್ಟಿ ಇಟ್ಟೆ. ನನ್ನನ್ನೇ ನೋಡುತ್ತ ತಿಂದ. ಹೊರಗೆ ಬಿಡುವಾಗ ಎತ್ತಿಗೆ ಕಟ್ಟುವ ಬಾಯಿಕುಕ್ಕೆ. ಅದನ್ನು ಕಂಡರೆ ಮುಖ ಸಿಂಡರಿಸುತ್ತಾನೆ.

೩ ದೈ

ಗೆದ್ದೆ. ಮೋನಮ್ಮ ಮಾಂಸದ ತುಂಡು ಹಿಡಿದು ಕರೆದಳು. ಮೂಸಲೂ ಇಲ್ಲ, ಮುಖ ತಿರುಗಿಸಿ ಕೂತ. ಬಹಳ ದಿನದ ಮೇಲೆ ಖುಷಿ ಅನ್ನುವಂಥದ್ದೇನೋ ಆಯಿತು.

ಅತ್ತೆಗೆ ಮಾತ್ರ ಮುನಿಸು. ಅವರ ಕೈಯಿಂದಲೂ ತಿನ್ನುತ್ತಿಲ್ಲ. “ಮೈಲಾರನ ನಾಯಿ ಅದು. ನಾ ಇಟ್ಟದ್ದು ತಿನ್ನಲ್ಲ ಅಂದ್ರ ಮನಿದೇವರೇ ನನ್ನ ಕೈ ಒಲ್ಲೆ ಅಂದಂಗ.”

ನಮ್ಮ ಮನೆದೇವರು ಮೈಲಾರ. ನಾಯಿ ಅವನ ಬಂಟ. ಅದು ತಿಂದ ಮೇಲೆ ಮನೆಯವರು ತಿನ್ನಬೇಕು. ನಾನೇನು ಮಾಡಲಿ?

೧೩ ದೈ. ಭಾನುವಾರ

ನೀರಿಗೆ ಹೋಗಿ ಬರುವಾಗ ನೋಡಿದೆ. ಅತ್ತೆ ಜಮಾದಾರನ ಹಣೆಗೆ ಭಂಡಾರ ಹಚ್ಚಿ, “ಏಳಕೋಟಿ ಏಳಕೋಟಿ” ಎಂದು ಮೈಲಾರನ ಕೂಗು ಹಾಕಿ ಕೈಯೊಡ್ಡಿದರು. ಅವನು ಆ ಕೈಯಿಂದ ಹೋಳಿಗೆ ತಿಂದ! ಪ್ರತಿ ಭಾನುವಾರ ನನ್ನ ಕಣ್ಣು ತಪ್ಪಿಸಿ ಕಲಿಸಿದ್ದಾರೆ. ಅರಿಷಿಣದ ಪುಡಿ ಹಣೆಗೆ ಬಿತ್ತು, ಆ ಕೂಗು ಕೇಳಿತು ಎಂದರೆ ತಿನ್ನಬಹುದು ಎಂದು ಅವನ ಲೆಕ್ಕ.

ಸಿಟ್ಟು ಬಂತು. “ಅತ್ತಿ, ಇದು ಯಾರಿಗಾದರೂ ಗೊತ್ತಾದ್ರ?” ಎಂದೆ.

“ಯಾರಿಗಿ ಗೊತ್ತಾಗ್ತದ? ಮನಿದೇವರ ಪದ್ಧತಿ ಮನ್ಯಾನವರಿಗಷ್ಟೇ ಗೊತ್ತು. ಹೊರಗಿನವರ ಕೈಯಾಗ ಭಂಡಾರ ಇರ್ತದೇನು?”

ಸರಿ ಅನಿಸಿತು.

೨೮ ದೈ

ಮೈಲಾರನ ಹಬ್ಬ ಚಂಪಾಷಷ್ಠಿ ಹತ್ತಿರ ಬಂತು. ಶಂಕ್ರೆಪ್ಪ ಹಬ್ಬಕ್ಕೆ ಬರುತ್ತಾನಂತೆ. ಮನೆ ಮಾರುವ ಮಾತು ಇನ್ನು ತೆಗೆಯುವುದಿಲ್ಲ ಎಂದು ಹೇಳಿ ಕಳಿಸಿದ್ದಾನೆ. ಅತ್ತೆಗೆ ನೆಲದ ಮೇಲೆ ಕಾಲಿಲ್ಲ.

ಆ ದಿನ ನಾಯಿಯನ್ನು ಐದು ಮನೆ ತಿರುಗಿಸುವುದು ವಾಡಿಕೆ. ಬೇಡವೇ ಬೇಡ ಎಂದೆ. ಹೊರಗೆ ಬಿಡುವುದಿಲ್ಲ, ಬಾಗಿಲು ಹಾಕಿ, ಮನೆಯವರಷ್ಟೇ ತಿನ್ನಿಸೋಣ. ಅತ್ತೆ ಒಪ್ಪಿದರು.

೧ ಬಹಮನ್. ಚಂಪಾಷಷ್ಠಿ

ಜಮಾದಾರ ಹೋದ.

೪ ಬಹಮನ್

ಬರೆಯಬೇಕು. ಬರೆಯದಿದ್ದರೆ ನಾನೇ ನಂಬುವುದಿಲ್ಲ.

ಬಾಗಿಲು ಹಾಕಿತ್ತು. ಹೊರಗಿನವರು ಯಾರೂ ಇಲ್ಲ. ಅತ್ತೆ ಹೋಳಿಗೆ ತಿನ್ನಿಸಿದರು. ಅದೇ ಹೋಳಿಗೆ ಮೂವರೂ ತಿಂದೆವು. ಆಮೇಲೆ ಶಂಕ್ರೆಪ್ಪ ಮುತ್ತಲದ ಎಲೆಯ ಪೊಟ್ಟಣ ಬಿಚ್ಚಿದ. ಗೋಧಿ ಹಿಟ್ಟಿನ ಉಂಡಿ. “ಇವು ಬರೀ ದೇವರ ನಾಯಿಗಿ, ಅವ್ವ. ನಾ ಬೇಡಿಕೊಂಡಿದ್ದೆ,” ಎಂದ. ಹಣೆಗೆ ಭಂಡಾರ ಹಚ್ಚಿದ. ಏಳಕೋಟಿ ಎಂದ. ಎಷ್ಟು ಭಕ್ತಿಯಿಂದ ಎಂದ. ಜಮಾದಾರ ನನ್ನ ಮುಖ ನೋಡಿದ. ನಾನು ಕೈ ಮುಗಿದು ನಿಂತಿದ್ದೆ. ತಿಂದ.

ಎಲೆಯನ್ನು ಅಲ್ಲೇ ಬಿಟ್ಟು ಶಂಕ್ರೆಪ್ಪ ಗಾಡಿ ಹತ್ತಿದ, ಬಜಾರದಲ್ಲಿ ಕೆಲಸ ಇದೆ ಅಂತ.

ಸ್ವಲ್ಪ ಹೊತ್ತಿಗೆ ಜಮಾದಾರನ ಕಾಲು ಬಿಗಿಯಿತು. ಮುಟ್ಟಿದರೆ ಸೆಟೆಯುತ್ತಿದ್ದ, ಪಾತ್ರೆ ಸದ್ದಾದರೆ ಸೆಟೆಯುತ್ತಿದ್ದ. ಉಪ್ಪುನೀರು ಕಲಸಿದೆ, ಹಲ್ಲು ಬಿಚ್ಚಲಿಲ್ಲ. ದನಗಳ ಮವೇಶಿ ದವಾಖಾನೆಗೆ ಓಡಿದೆ. ಡಾಕ್ಟರು ಯಾಲಾಲ್ ಕಡೆ ಹಳ್ಳಿಗಳ ದೌರೆಗೆ ಹೋಗಿದ್ದರು. ಬರಿಗೈಲಿ ವಾಪಸ್ಸು ಬಂದೆ. ಅಷ್ಟರಲ್ಲಿ ಎಲ್ಲ ಆಗಿಹೋಗಿತ್ತು.

ಊರನ್ನೆಲ್ಲ ಹೊರಗಿಟ್ಟು ಕಾದೆ. ಒಳಗಿನವನಿಗೆ ಕೈ ಮುಗಿದೆ.

ಅಳು ಬರುತ್ತಿಲ್ಲ. ಶಾಲೆಗೆ ಹೋದೆ, ಬಂದೆ. ಮರಗಿ ತೊಳೆದು ಬೋರಲು ಹಾಕಿದೆ.

೬ ಬಹಮನ್

ಪೊಲೀಸ್ ಚೌಕಿ. ಅರ್ಜಿ ನಾನೇ ಉರ್ದುವಿನಲ್ಲಿ ಬರೆದು ಒಯ್ದಿದ್ದೆ. ಪಟ್ಟಾ ಕೂಡ.

ಚೌಕಿಯ ಅಮೀನ್ ಸಾಹೇಬರು ನಾಯಿಯ ಹೆಸರು ಓದಿ, “ಜಮಾದಾರ್? ಅರೆ ವಾಹ್!” ಎಂದು ಜವಾನರಿಗೆಲ್ಲ ಕೇಳಿಸಿದರು. ಎಲ್ಲರೂ ನಕ್ಕರು. ನಗಲಿ ಬಿಡಿ.

ಬಿಲ್ಲೆ ತಿರುಗಿಸಿ ನೋಡಿದರು. “ಗುರುಲಿಂಗಪ್ಪ ಯಾರು ಬಾಯಿ?”

“ನಮ್ಮ ಯಜಮಾನರು. ತೀರಿಕೊಂಡಾರ್ರಿ.”

“ಮತ್ತೆ ತಿನ್ನಿಸಿದವನು?”

“ಅವರ ತಮ್ಮ.”

ಬಿಲ್ಲೆಯನ್ನು ಮೇಜಿನ ಮೇಲಿಟ್ಟರು. ಮಾಲಿಕ ಸತ್ತಿದ್ದಾನೆ, ಮನೆ ಪಾಲಾಗಿಲ್ಲ, ತಮ್ಮನೂ ವಾರಸುದಾರ. ತನ್ನ ಮನೆಯ ನಾಯಿಗೆ ತಾನು ತಿನ್ನಿಸಿದ. ಇದರಲ್ಲಿ ಸರ್ಕಾರ ಏನು ಮಾಡಬೇಕು? “ಘರ್ ಕಾ ಮಾಮ್ಲಾ ಹೈ,” ಎಂದರು, ಮನೆಯೊಳಗಿನ ವಿಷಯ ಅಂತ. ದನಿಯಲ್ಲಿ ಒರಟಿರಲಿಲ್ಲ. ಕೊನೆಗೆ ಕೇಳಿದರು, ನೋಡಿದವರು ಬೇರೆ ಯಾರು?

“ನಮ್ಮ ಅತ್ತಿ.”

“ಹೆತ್ತ ಮಗನ ಮೇಲೆ ಹೇಳಿಕೆ ಕೊಡ್ತಾರಾ?”

ಪಟ್ಟಾ ಎತ್ತಿಕೊಂಡು ಬಂದೆ. ನನ್ನ ಹೆಸರು ಕೆತ್ತಿಸಿದ್ದರೆ ಏನಾಗುತ್ತಿತ್ತು? ಓಣಿ ನಗುತ್ತಿತ್ತು. ಅಷ್ಟೇ ತಾನೆ.

ಅತ್ತೆಯನ್ನು ಏನೂ ಕೇಳಲಿಲ್ಲ. ಅವರು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಾರೆ— “ತನ್ನ ಹಬ್ಬದ ದಿನಾನೇ ಮೈಲಾರ ಕರಕೊಂಡ. ಪುಣ್ಯದ ಸಾವು.” ಹೂಂ ಎಂದೆ. ಮುದುಕಿಯ ಎದೆ ಒಡೆದು ನನಗೇನು ಬರಬೇಕಾಗಿದೆ?

೧೮ ಬಹಮನ್

ಎಷ್ಟೋ ದಿನ ಬರೆದಿಲ್ಲ. ಬರೆಯುವಂಥದ್ದೇನೂ ಇಲ್ಲ.

ಅತ್ತೆ ನಿದ್ದೆ ಮಾಡುತ್ತಿಲ್ಲ. ಎಲೆ ಅಲ್ಲಾಡಿದರೂ ಎದ್ದು ಕೂರುತ್ತಾರೆ. ಶಂಕ್ರೆಪ್ಪ ಹೇಳಿ ಕಳಿಸಿದ್ದಾನೆ, ಬರುವ ಸೋಮವಾರ ಗಾಡಿ ತರುತ್ತೇನೆ, ಸಾಮಾನು ಕಟ್ಟಿಡಿ ಅಂತ. ಅತ್ತೆ ಹೂಂ ಎಂದರು. ಮಾತು ಕೊಟ್ಟಿದ್ದರಲ್ಲ.

ಶಾಲೆ ಬಿಡುತ್ತೇನೆ ಎಂದು ಶಾಲೆಯ ಮುಖ್ಯಸ್ಥೆ ದೊಡ್ಡ ಉಸ್ತಾನಿಗೆ ತಿಳಿಸಬೇಕು. ನಾಳೆ ಹೇಳುತ್ತೇನೆ. ನಿನ್ನೆಯೂ ಹೀಗೇ ಅಂದುಕೊಂಡೆ.

ಸೋಮವಾರ

ತಾರೀಖು ನೋಡಿಲ್ಲ.

ಬೆಳಿಗ್ಗೆ ಅತ್ತೆ ಒಲೆ ಮುಂದೆ ಕೂತು ಗೋಧಿ ಹಿಟ್ಟು ಹುರಿದರು, ಬೆಲ್ಲ ಕುಟ್ಟಿದರು. ದಾರಿಗೆ ಬುತ್ತಿ ಎಂದುಕೊಂಡೆ. ನಾನು ಹಾಸಿಗೆ ಸುತ್ತುತ್ತಿದ್ದೆ.

ಗಾಡಿ ಬಂತು. ಶಂಕ್ರೆಪ್ಪ ಈಗ ಯಾರಿಗೂ ಹೆದರದೆ ನೇರ ಪಡಸಾಲೆಗೆ ಬಂದು ಕೂತ. “ನಡೀರಿ ವೈನಿ, ಬಿಸಲಾಗ್ತದ.”

ಅತ್ತೆ ದೇವರ ಜಗಲಿಯಿಂದ ತಟ್ಟೆ ತಂದರು. ತಟ್ಟೆಯಲ್ಲಿ ಒಂದೇ ಉಂಡಿ. ಮೇಲೆ ಭಂಡಾರ. ಮಗನ ಹಣೆಗೂ ಭಂಡಾರ ಹಚ್ಚಿದರು.

“ನೀ ಹಬ್ಬಕ್ಕ ತಂದಿದ್ಯಲ್ಲ, ಎಲ್ಯಾಗ ಒಂದು ಉಳದಿತ್ತು. ಎತ್ತಿ ಇಟ್ಟೀನಿ. ಮೈಲಾರನ ಪರಸಾದ. ತಿನ್ನು. ನೀ ತಿಂದಿ ಅಂದ್ರ ಗಾಡಿ ಏರ್ತೀನಿ.”

ಶಂಕ್ರೆಪ್ಪ ಉಂಡಿಯನ್ನು ನೋಡಿದ. ಅವನ ಮುಖದ ನೀರು ಇಳಿಯಿತು.

“ಹೊಟ್ಟಿ ತುಂಬ್ಯದವ್ವ.”

“ಒಂದು ಚೂರು ಸಾಕು.”

“ಬ್ಯಾಡ ಅಂದ್ನಲ್ಲ!”

“ಏಳಕೋಟಿ ಅಂದು ಬಾಯಾಗ ಹಾಕೋ, ಶಂಕರಾ.”

ಅವನು ತಟ್ಟೆ ತಳ್ಳಿದ. ಮನೆದೇವರ ಪ್ರಸಾದ. ಈ ಮನೆಯಲ್ಲಿ ಹುಟ್ಟಿದವರು ಯಾರೂ ಅದನ್ನು ಒಲ್ಲೆ ಎಂದದ್ದು ನಾನು ಕಂಡಿಲ್ಲ. ಅತ್ತೆ ತಟ್ಟೆ ಎತ್ತಿಕೊಂಡರು. ದನಿ ಏರಿಸಲಿಲ್ಲ. “ಗಾಡಿ ಹೊಡಕೊಂಡು ಹೋಗು. ನಾ ಸತ್ರ ಮಣ್ಣಿಗಿ ಬಾ. ಅಲ್ಲಿತನ ಬರಬ್ಯಾಡ.”

ಹೋದ. ತಿರುಗಿ ನೋಡಲಿಲ್ಲ.

ನಾನು ಬಾಗಿಲು ಹಾಕಿ ಬಂದೆ. ಅತ್ತೆ ಆ ಉಂಡಿ ಮುರಿದು ಬಾಯಿಗೆ ಹಾಕಿಕೊಂಡಿದ್ದರು. ಚೀರಿದೆ. ಹೋಗಿ ಕೈ ಹಿಡಿದೆ, ಬಾಯಿಗೆ ಬೆರಳು ಹಾಕಲು ನೋಡಿದೆ. ಅವರು ನನ್ನ ಕೈ ಸರಿಸಿದರು.

“ಮುಂಜಾನಿ ಕಟ್ಟಿದ್ದು, ಹುಚ್ಚಿ. ನೀ ನೋಡಿಲ್ಲೇನು?”

ಅಗಿಯುತ್ತಲೇ ಇದ್ದರು. ನೀರು ಕೊಟ್ಟೆ. ತಂಬಿಗೆ ಕೆಳಗಿಟ್ಟು ಎಂದರು, “ತಿಂತಾನ ಅಂದುಕೊಂಡಿದ್ದೆ. ಎರಡು ಹಡದಿದ್ದೆ, ಉಮಾ.”

ನನಗೆ ಅಳು ಬಂತು. ನಾಯಿ ಸತ್ತಾಗ ಬರಲಿಲ್ಲ, ಈಗ ಬಂತು.

ಹಾಸಿಗೆ ಬಿಚ್ಚಿಲ್ಲ. ಸಾಮಾನು ಎಲ್ಲ ಕಟ್ಟಿದಲ್ಲೇ ಇದೆ. ಅತ್ತೆ ಬಾಗಿಲ ಬಳಿಯ ಪರಸಿ ಮೇಲೆ ಕೂತಿದ್ದಾರೆ, ನಾನು ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಓಣಿಯಲ್ಲಿ ಗಾಡಿಯ ಸದ್ದಾದಾಗಲೆಲ್ಲ ತಲೆ ಎತ್ತುತ್ತಾರೆ. ತಿರುಗಿ ಬಂದ, ತಿನ್ನಲು ಬಂದ ಅಂತಲೋ ಏನೋ. ಕೇಳುವ ಧೈರ್ಯ ನನಗಿಲ್ಲ.

ಮತ್ತೊಂದು ಗಾಡಿ. ಎದ್ದು ನಿಂತರು. ಬಾಗಿಲು ತೆಗೆಯಲು ಅಗಳಿಗೆ ಕೈ ಹಾಕಿದರು.