ನಾವಿಬ್ಬರು ದಾಟಲಿಲ್ಲ

ಉಣಕಲ್, ಹುಬ್ಬಳ್ಳಿ
ರವಿವಾರ, 6 ಜುಲೈ 2025

ಪ್ರೀತಿಯ ಅತ್ತೆವ್ವನವರಿಗೆ, ಹಿರೇ ಸೊಸೆ ಗೀತಾಂಜಲಿಯ ಶರಣು.

ಮೊಣಕಾಲು ನೋವು ಈಗ ಹೇಗಿದೆ? ಕಲಬುರಗಿಯಲ್ಲಿ ಎರಡು ಮಳೆ ಬಿದ್ದು ಸೆಕೆ ಇಳಿದಿದೆ, ಅವ್ವ ಈಗ ಸಂಜೆ ಹೊರಗೆ ಕಟ್ಟೆಯ ಮೇಲೆ ಕೂಡುತ್ತಾಳೆ ಎಂದು ಕಲ್ಲೇಶ ಹೇಳಿದ. ಸಮಾಧಾನವಾಯಿತು. ಎಣ್ಣೆ ಹಚ್ಚಿಸಿಕೊಳ್ಳಲು ಸಂಕೋಚ ಪಡಬೇಡಿ, ಕಿರಿಯ ಮಗನ ಮನೆಯೂ ನಿಮ್ಮದೇ. ಇಲ್ಲಿ ಎಲ್ಲರೂ ಆರಾಮ. ಫೋನ್ ಬಿಟ್ಟು ಈಕೆ ಪತ್ರ ಯಾಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಅನ್ನಿಸಬಹುದು. ಹೋದ ವಾರ ನಾನು ಫೋನಿನಲ್ಲಿ ಗುಡ್ಡದ ಸುದ್ದಿ ಎತ್ತಿದರೆ ನೀವು "ಯಾರ ಗಡ್ಡ?" ಎಂದು ಕೇಳಿದಿರಿ. ನಾನು ನಕ್ಕೆ, ನೀವೂ ನಕ್ಕಿರಿ, ಹೇಳಬೇಕಾದದ್ದು ಹಾಗೇ ಉಳಿಯಿತು. ಈಗ ನಗುವ ಮನಸ್ಸಿಲ್ಲ. ಕೂತು ಬರೆದರೆ ಎಲ್ಲವನ್ನೂ ಕೊನೆಯವರೆಗೆ ಹೇಳಬಹುದು.

ಸೌಂದರ್ಯಾ ಈಗಾಗಲೇ ಫೋನಿನಲ್ಲಿ ನಿಮ್ಮ ಮುಂದೆ ಅತ್ತಿರಬೇಕು. ಅಣ್ಣನ ಹೆಂಡತಿ, ವೈನಿಯೇ ನಾಲ್ಕು ಮಂದಿಯ ನಡುವೆ ಮೈಕ್ ಹಿಡಿದು ತನ್ನ ಮಾನ ಕಳೆದಳು ಎಂದಿರಬೇಕು. ಅದು ಸುಳ್ಳಲ್ಲ. ಆದರೆ ಆಕೆ ಹೇಳಿದ್ದು ಕತೆಯ ಬಾಲ. ಆಕೆ ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವಳು, ನಾನು ಹೊರಗಿನಿಂದ ಬಂದವಳು, ಆದರೂ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಿಮ್ಮ ಕೈಯಲ್ಲಿ ಉಂಡವಳು. ಪೂರ್ತಿ ಕೇಳಿ, ಆಮೇಲೆ ಬಯ್ಯಿರಿ.

ನಾವು ನಾಲ್ವರು ಉಣಕಲ್ ಕೆರೆಯ ದಂಡೆಯಲ್ಲಿ ಬೆಳಗ್ಗೆ ವಾಕಿಂಗ್ ಹೋಗುವುದು ನಿಮಗೆ ಗೊತ್ತೇ ಇದೆ. ನಾನು, ನನ್ನ ಹಿಂದೆ ಬರುವ ನಿಮ್ಮ ಮಗಳು, ತಾರಿಹಾಳದ ಪಂಪಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯಾಗಿರುವ ದೇವಕ್ಕ, ಕಮರಿಪೇಟೆಯಲ್ಲಿ ಬ್ಲೌಸ್ ಹೊಲಿಯುವ ರಸೂಲಬಿ. ಹಿಮಾಲಯಕ್ಕೆ ಹೋಗೋಣ ಎಂದು ಮೊದಲು ಬಾಯಿ ಬಿಟ್ಟವಳು ನಾನೇ. ಸಾಲಿಯಲ್ಲಿ ವರ್ಷವರ್ಷವೂ ಭೂಗೋಳದ ಪಾಠಕ್ಕೆ ಬೋರ್ಡಿನ ಮೇಲೆ ಹಿಮಾಲಯ ಬರೆಯುತ್ತೇನೆ, ಗಂಟೆ ಹೊಡೆದ ಕೂಡಲೇ ಅಳಿಸುತ್ತೇನೆ. ಹಿಮ ಹೇಗಿರುತ್ತದೆ ಟೀಚರ್ ಎಂದು ಮಕ್ಕಳು ಕೇಳಿದರೆ ಫ್ರಿಜ್ಜಿನ ಒಳಗಿನ ಹಾಗೆ ಎಂದು ಹೇಳುತ್ತೇನೆ. ಐವತ್ತು ಆಗುವುದರೊಳಗೆ ಅದನ್ನು ಕಾಲ ಕೆಳಗೆ ತುಳಿಯಬೇಕು, ಒಂದು ಪಾಸ್ ದಾಟಬೇಕು ಎಂದು ಹಟ ಹಿಡಿದೆ. ಪಾಸ್ ಎಂದರೆ ಎರಡು ಪರ್ವತಗಳ ಹೆಗಲ ನಡುವಿನ ಸಂದು, ಅಲ್ಲಿ ಹತ್ತಿ ಆಚೆ ಇಳಿದರೆ ಬೇರೆಯೇ ಕಣಿವೆ. ಇಡೀ ಚಳಿಗಾಲ ಬೆನ್ನ ಚೀಲದಲ್ಲಿ ಜೋಳದ ಹಿಟ್ಟು ತುಂಬಿಕೊಂಡು ನೃಪತುಂಗ ಬೆಟ್ಟ ಹತ್ತಿ ಇಳಿದೆವು. ಮಂದಿ ನಕ್ಕರು. ರಸೂಲಬಿ ಹಳೆಯ ಕೊಡೆಗಳ ಬಟ್ಟೆ ಬಿಚ್ಚಿ ನಾಲ್ಕೂ ಚೀಲಗಳಿಗೆ ಮಳೆಯ ಹೊದಿಕೆ ಹೊಲಿದಳು. ಸೌಂದರ್ಯಾ ವಾರಕ್ಕೆ ಎರಡು ದಿನ ಬಂದರೆ ಹೆಚ್ಚು. ನಾನು ಎಚ್ಚರಿಸಿದೆ. "ಅಲ್ಲಿ ಹೋದ ಮ್ಯಾಲ ತಾನಾ ರೂಢಿ ಆಕ್ಕೈತಿ ವೈನಿ" ಎಂದಳು.

ಬೇಸಿಗೆ ರಜೆಯಲ್ಲಿ ಹೊರಟೆವು. ಅಲ್ಲಿಂದ ಒಬ್ಬ ಗೈಡ್, ಅವನ ಜೊತೆಗಾರ ನಮ್ಮೊಂದಿಗೆ ಬಂದರು. ಹಿಮಾಚಲದ ಆ ಹಾದಿಯಲ್ಲಿ ಮೊದಲ ದಿನದಿಂದಲೇ ಮಳೆ. ದಾರಿ ಎಂದರೆ ದಾರಿಯಲ್ಲ ಅತ್ತೆವ್ವ, ಎತ್ತಿನಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಅವುಗಳ ಮೇಲೆ ಜಿಗಿಯುತ್ತಾ ಹೋಗಬೇಕು, ಬೆನ್ನ ಮೇಲಿನ ಭಾರ ನಮ್ಮನ್ನು ಒಂದು ಕಡೆ ಎಳೆದರೆ ಕಾಲು ಇನ್ನೊಂದು ಕಡೆ ಹೋಗುತ್ತದೆ. ಹಾಕಿಕೊಂಡ ಬಟ್ಟೆ ಒಣಗಲೇ ಇಲ್ಲ. ಕಟಿ ರೊಟ್ಟಿ ಮೆತ್ತಗಾಗಿ ಚಪಾತಿಯಾದವು. ಸೌಂದರ್ಯಾ ಹೊಸ ಬೂಟು ಹಾಕಿಕೊಂಡು ಬಂದಿದ್ದಳು, ಮರುದಿನವೇ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು. ಅದರ ಮೇಲೆ ಆಕೆಯ ಚೀಲದಲ್ಲಿ ಒಂದು ದೊಡ್ಡ ಸ್ಟೀಲ್ ಡಬ್ಬಿ ತುಂಬ ಬೇಸನ್ ಉಂಡಿ. ಡಬ್ಬಿ ಯಾಕೆ ತಂದೆ ಎಂದರೆ ಪ್ಲಾಸ್ಟಿಕ್ ಚೀಲದಲ್ಲಿ ಉಂಡಿ ಪುಡಿಯಾಗುತ್ತವಂತೆ. ಆ ಡಬ್ಬಿ ಎರಡನೇ ದಿನ ನನ್ನ ಚೀಲಕ್ಕೆ ಬಂತು. ಆಮೇಲೆ ಆಕೆಯ ನೀರಿನ ಬಾಟಲಿ, ಆಮೇಲೆ ಆಕೆಯ ಹಾಸಿಗೆ ಚೀಲ. ಒಂದೊಂದನ್ನೂ ಹೊತ್ತುಕೊಂಡೆ. ದೇವಕ್ಕ ನೋಡಿಯೂ ನೋಡದವಳ ಹಾಗೆ ಮುಂದೆ ನಡೆದಳು. ಕಾರ್ಖಾನೆಯಲ್ಲಿ ಯಾರ ಕೆಲಸ ಅವರೇ ಮಾಡಬೇಕು ಎಂದು ರೂಢಿಯಾದವಳು ಆಕೆ. ಆ ಗುಣ ನನಗೂ ಇರಬೇಕಿತ್ತು.

ಪಾಸ್ ದಾಟುವ ದಿನ ಮಾತ್ರ ಆಕಾಶ ತೊಳೆದಿಟ್ಟ ಹಾಗೆ ಇತ್ತು. ಹಿಮದ ಒಂದು ಉದ್ದ ಇಳಿಜಾರು, ಅದರ ಮೇಲೆ ಅಡ್ಡಡ್ಡಲಾಗಿ ಒಂದು ಕಾಲು ಹಿಡಿಸುವಷ್ಟು ಹಾದಿ, ಕೆಳಗೆ ನೋಡಿದರೆ ಬಂಡೆಗಳು. ತಲೆಯ ಮೇಲೆ ಪಾಸ್ ಕಾಣುತ್ತಿತ್ತು. ಅಲ್ಲಿ ಯಾರೋ ಕಟ್ಟಿದ್ದ ಬಣ್ಣದ ಬಟ್ಟೆಗಳು ಗಾಳಿಗೆ ಹಾರುವುದು ಕೂಡ ಕಾಣುತ್ತಿತ್ತು, ಅಷ್ಟು ಹತ್ತಿರ. ನನ್ನ ಕಣ್ಣಲ್ಲಿ ನೀರು ಬಂತು, ಬಿಸಿಲಿಗೆ ಎಂದು ಒರೆಸಿಕೊಂಡೆ. ಆಗ ಹಿಂದಿನಿಂದ ಸೌಂದರ್ಯಾಳ ದನಿ ಕೇಳಿತು. "ವೈನಿ, ನನಗ ಆಗಂಗಿಲ್ರಿ." ತಿರುಗಿ ನೋಡಿದರೆ ಆಕೆ ಹಿಮದ ಮೇಲೆ ಕೂತುಬಿಟ್ಟಿದ್ದಾಳೆ, ಎರಡೂ ಕೈಗಳನ್ನು ಹಿಮದೊಳಗೆ ಊರಿದ್ದಾಳೆ. ಜ್ವರವಿಲ್ಲ, ಉಸಿರಾಟ ಸರಿಯಾಗಿದೆ, ತಲೆನೋವೂ ಇಲ್ಲ. ಗೈಡ್ ಎಲ್ಲ ಪರೀಕ್ಷೆ ಮಾಡಿದ. ಬರೀ ಅಂಜಿಕೆ. ನಿಜ ಹೇಳುತ್ತೇನೆ, ಆಕೆಗೆ ಜ್ವರ ಬಂದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಧ್ಯಾಹ್ನದೊಳಗೆ ಮೋಡ ಮುಚ್ಚುತ್ತದೆ, ಈಗಲೇ ತೀರ್ಮಾನ ಮಾಡಿ, ನನ್ನ ಜೊತೆಗಾರ ಈಕೆಯನ್ನು ಕೆಳಗೆ ಕರೆದೊಯ್ಯುತ್ತಾನೆ, ಉಳಿದವರು ನಡೆಯಿರಿ ಎಂದ ಗೈಡ್. ಸೌಂದರ್ಯಾ ನನ್ನ ಜಾಕೀಟಿನ ಅಂಚು ಹಿಡಿದುಕೊಂಡಳು. "ಗೀತಕ್ಕ, ನೀವು ಮ್ಯಾಲ ಹೋಗ್ರಿ. ನಾ ಇಳಿತೀನಿ ಇವರ ಜೋಡಿ" ಎಂದು ರಸೂಲಬಿ ಮುಂದೆ ಬಂದಳು. ಆ ಪುಣ್ಯಾತ್ಗಿತ್ತಿ ಬಾಯಿಮಾತಿಗೆ ಹೇಳಲಿಲ್ಲ, ಚೀಲ ತಿರುಗಿಸಿ ನಿಂತೇಬಿಟ್ಟಳು. ಸೌಂದರ್ಯಾ ತಲೆ ಅಲ್ಲಾಡಿಸಿದಳು. "ಯಾರೂ ಬ್ಯಾಡ. ನಂಗ ವೈನೀನ ಬೇಕು. ಇಲ್ಲಂದ್ರ ನಾ ಇಲ್ಲೇ ಕುಂಡ್ರತೀನಿ." ಎಲ್ಲರೂ ನನ್ನ ಮುಖ ನೋಡಿದರು. ದೇವಕ್ಕ ಮೆಲ್ಲಗೆ ಹೇಳಿದಳು, "ನೀನ ಹೋಗವಾ ಗೀತಾ. ನಿಮ್ಮ ಮನಿ ಮಂದಿ." ಅಷ್ಟೇ ಮಾತು. ಮನೆಯ ಮಂದಿ ಎಂದರೆ ಮುಗಿಯಿತು, ಇನ್ನು ವಾದವಿಲ್ಲ. ನಾನು ಹೂಂ ಎಂದೆನೋ ಇಲ್ಲವೋ ನೆನಪಿಲ್ಲ. ಅವರಿಬ್ಬರೂ ಗೈಡಿನ ಹಿಂದೆ ಮೇಲೆ ಹೋಗುವುದನ್ನು ನಿಂತು ನೋಡಿದೆ. ಚಿಕ್ಕವರಾಗುತ್ತಾ ಆಗುತ್ತಾ ಆ ಬಟ್ಟೆಗಳ ಹತ್ತಿರ ಚುಕ್ಕಿಗಳಾದರು, ಆಮೇಲೆ ಕಾಣಿಸಲಿಲ್ಲ.

ಗೈಡಿನ ಜೊತೆಗಾರನ ಹಿಂದೆ ನಾವಿಬ್ಬರು ಇಳಿದೆವು. ಹಿಮ ಮುಗಿದು ಹುಲ್ಲು ಬಂದದ್ದೇ ತಡ, ನಿಮ್ಮ ಮಗಳ ಮುಖಕ್ಕೆ ಕಳೆ ಬಂತು. ನನ್ನ ಚೀಲದಿಂದ ಉಂಡಿ ತೆಗೆದು ತಿಂದಳು. "ವೈನಿ, ಈ ನೀಲಿ ಹೂವಿನ ಹೆಸರೇನ್ರಿ?" ಎಂದಳು. "ಸಿಟ್ಟಾಗೀರೇನು? ಮಾತಾಡ್ರಲಾ" ಎಂದಳು. ಹಾಡು ಕೂಡ ಗುನುಗಿದಳು. ನಾನು ಹಲ್ಲು ಕಚ್ಚಿಕೊಂಡು ಮುಂದೆ ನಡೆದೆ. ಮರುದಿನ ಒಂದು ಹಳ್ಳ ದಾಟಬೇಕಿತ್ತು. ಬರುವಾಗ ಸಣ್ಣದಿತ್ತು, ಈಗ ಹಿಮ ಕರಗಿ ಮೈದುಂಬಿತ್ತು. ಸಿಟ್ಟಿನಲ್ಲಿ ಹೆಜ್ಜೆ ಇಟ್ಟೆನೋ ಏನೋ, ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿತು. ಚೀಲದ ಭಾರಕ್ಕೆ ಅಂಗಾತ ಬಿದ್ದೆ. ಆ ನೀರಿನ ಥಂಡಿ ಎಂಥದೆಂದರೆ ಕೂಗಲು ಉಸಿರೇ ಬರಲಿಲ್ಲ, ನೀರು ನನ್ನನ್ನು ಎಳೆದುಕೊಂಡು ಹೊರಟಿತು. ಗೈಡಿನ ಜೊತೆಗಾರ ಆಗಲೇ ಆಚೆ ದಂಡೆಯಲ್ಲಿದ್ದ. ಆಗ ಸೌಂದರ್ಯಾ, ಹಿಂದಿನ ದಿನ ಹಿಮದ ಮೇಲೆ ಹೆಜ್ಜೆ ಎತ್ತಲಾರದೆ ಕೂತಿದ್ದ ಅದೇ ಸೌಂದರ್ಯಾ, ತನ್ನ ಚೀಲ ಕಿತ್ತೆಸೆದು ಸೊಂಟದಷ್ಟು ನೀರಿಗೆ ಹಾರಿದಳು. ನನ್ನ ಚೀಲದ ಪಟ್ಟಿ ಹಿಡಿದು, "ನನ್ನ ಕಡೆ ನೋಡ್ರಿ ವೈನಿ, ನನ್ನ ಕಡೆ ನೋಡ್ರಿ" ಎಂದು ಚೀರುತ್ತಾ ದಂಡೆಗೆ ಎಳೆದಳು. ಮೊಣಕೈ ಕೆತ್ತಿ ಹೋಗಿತ್ತು ಆಕೆಗೆ. ಆ ಗಾಯದ ಗುರುತು ಇನ್ನೂ ಇದೆ, ಅದನ್ನು ನಿಮಗೆ ಹೇಳಿದಳೋ ಇಲ್ಲವೋ.

ಈಗ ಹೇಳಿರಿ, ನಾನು ಏನು ಮಾಡಬೇಕು? ಜೀವ ಉಳಿಸಿದವಳ ಮೇಲೆ ಸಿಟ್ಟು ಮಾಡುವಂತಿಲ್ಲ. ಸಿಟ್ಟು ಹೋಗಿದೆಯೇ ಎಂದರೆ, ಹೋಗಿಲ್ಲ. ಒಲೆಯ ಮೇಲೆ ಇಟ್ಟ ಹಾಲಿನ ಹಾಗೆ ಉಕ್ಕುವುದೂ ಇಲ್ಲ, ಆರುವುದೂ ಇಲ್ಲ.

ಜೀಪಿನಲ್ಲಿ ಇಡೀ ದಿನ ಪರ್ವತ ಸುತ್ತಿ ಆಚೆ ಕಣಿವೆಗೆ ಹೋಗಿ ದೇವಕ್ಕ, ರಸೂಲಬಿಯರನ್ನು ಕೂಡಿಕೊಂಡೆವು. ಬಿಸಿಲಿಗೆ ಮುಖ ಸುಟ್ಟು, ತುಟಿ ಒಡೆದು, ಕಣ್ಣಷ್ಟೇ ಹೊಳೆಯುತ್ತಿದ್ದವು. ತುದಿಯಿಂದ ಆಚೆಗೆ ಏನು ಕಂಡಿತು ಎಂದು ನಾನೇ ಕೇಳಿದೆ. "ಏನ್ ಹೇಳ್ಲಿ ಗೀತಕ್ಕ, ಆ ಕಡೆ ಒಂದು ಗಿಡ ಇಲ್ಲ, ಹುಲ್ಲಿಲ್ಲ. ಬರೇ ಬಂಗಾರದ ಬಣ್ಣದ ಮಣ್ಣು. ಸುಗ್ಗಿ ಮುಗದ ಮ್ಯಾಲಿನ ನಮ್ಮ ಹೊಲ ಆಕಾಶದ ಮಟಾ ಹೋಗಿದ್ಹಂಗ" ಎಂದಳು ರಸೂಲಬಿ. ಹೇಳುತ್ತಾ ಹೇಳುತ್ತಾ ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು. ತಿರುಗಿ ಬರುವಾಗ ರೈಲಿನಲ್ಲಿ ಸೌಂದರ್ಯಾ ನನ್ನ ಕಿವಿಯಲ್ಲಿ ಹೇಳಿದಳು, "ನಾವೂ ದಾಟೀವಿ ಅನ್ನೂಣು ವೈನಿ. ಊರಾಗ ಮಂದಿ ಕೇಳಿದ್ರ ನಾ ಏನ್ ಹೇಳ್ಲಿ?" ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಅದನ್ನೇ ಒಪ್ಪಿಗೆ ಎಂದುಕೊಂಡಳು.

ಊರಿಗೆ ಬಂದ ಮೇಲೆ ಓಣಿಯ ಮಹಿಳಾ ಮಂಡಳದವರು ಸತ್ಕಾರ ಇಟ್ಟುಕೊಂಡರು. ನಾಲ್ವರ ಫೋಟೋ ಹಾಕಿ, ಹಿಮಾಲಯ ದಾಟಿದ ಧೀರೆಯರು ಎಂದು ಬ್ಯಾನರ್ ಬರೆಸಿದ್ದರು. ಅದನ್ನು ನೋಡಿಯೂ ಹೋಗಿ ಅದರ ಕೆಳಗೆ ಕೂತೆ. ಶಾಲು ಹೊದಿಸಿದರು, ಹೊದ್ದುಕೊಂಡೆ. ನಾಲ್ಕು ಮಾತು ಆಡಿರಿ ಎಂದಾಗ ಸೌಂದರ್ಯಾ ಎದ್ದಳು. ಛಲೋ ಮಾತಾಡುತ್ತಾಳೆ, ನಿಮಗೇ ಗೊತ್ತು. ಪಾಸಿನ ತುದಿಯಲ್ಲಿ ನಿಂತಾಗ ಆ ಕಡೆ ಬರೇ ಬಂಗಾರದ ಬಣ್ಣದ ಮಣ್ಣು, ಸುಗ್ಗಿ ಮುಗಿದ ನಮ್ಮ ಹೊಲ ಆಕಾಶದವರೆಗೆ ಹೋದ ಹಾಗೆ ಕಂಡಿತು ಎಂದಳು. ರಸೂಲಬಿ ತಲೆ ತಗ್ಗಿಸಿದಳು. ನನಗೆ ಅದನ್ನು ತಡೆಯಲಾಗಲಿಲ್ಲ ಅತ್ತೆವ್ವ. ಆ ಮಣ್ಣು ನಾನು ನೋಡಲಿಲ್ಲ. ನೋಡದಂತೆ ಆದದ್ದು ಯಾರಿಂದಲೋ, ಆಕೆಯೇ ನೋಡಿದೆ ಎಂದು ಹೇಳುತ್ತಿದ್ದಾಳೆ, ಮಂದಿ ಚಪ್ಪಾಳೆ ಹೊಡೆಯುತ್ತಿದ್ದಾರೆ. ಎದ್ದು ಮೈಕ್ ತೆಗೆದುಕೊಂಡೆ. "ಅದನ್ನ ನಾವಿಬ್ಬರು ನೋಡಿಲ್ರಿ. ನಾನೂ ಸೌಂದರ್ಯಾನೂ ದಾಟಿಲ್ಲ, ಅರ್ಧಕ್ಕ ತಿರುಗಿ ಬಂದೇವಿ. ದಾಟಿದಾಕಿ ದೇವಕ್ಕ, ದಾಟಿದಾಕಿ ರಸೂಲಬಿ. ಚಪ್ಪಾಳಿ ಅವರಿಗೆ ಹೊಡೀರಿ." ಅಷ್ಟೇ ಹೇಳಿದ್ದು. ಯಾಕೆ ತಿರುಗಿ ಬಂದೆವು, ಯಾರಿಗೆ ಅಂಜಿಕೆಯಾಯಿತು, ಒಂದನ್ನೂ ಹೇಳಲಿಲ್ಲ. ಸೌಂದರ್ಯಾ ಹಿಂದಿನ ಬಾಗಿಲಿನಿಂದ ಹೋದವಳು ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

"ಒಂದು ಮಾತು ನುಂಗಾಕ ಆಗಲಿಲ್ಲೇನು ನಿನಗ?" ಎಂದರು ನಿಮ್ಮ ಹಿರಿಯ ಮಗ. ಅವರ ತಂಗಿ, ಅವರಿಗೆ ನೋವು. ಓಣಿಯ ಅರ್ಧ ಮಂದಿ ನನ್ನನ್ನು ಹೊಟ್ಟೆಕಿಚ್ಚಿನವಳು ಎನ್ನುತ್ತಾರೆ. ಇನ್ನರ್ಧ ಮಂದಿ ಹೇಗೋ ಸುದ್ದಿ ತಿಳಿದುಕೊಂಡು, ನಾದಿನಿಗಾಗಿ ಎಂಥ ತ್ಯಾಗ ಮಾಡಿದಿರಿ ಎಂದು ಕೈ ಮುಗಿಯುತ್ತಾರೆ. ಈ ಎರಡನೆಯವರೇ ನನಗೆ ಹೆಚ್ಚು ತಲೆಬೇನೆ. ಮನಸ್ಸಿಟ್ಟು ಕೊಟ್ಟರೆ ತ್ಯಾಗ. ನಾನು ಕೊಡಲಿಲ್ಲ, ನನ್ನ ಕೈಯಿಂದ ತೆಗೆದುಕೊಂಡರು. ನಿನಗೆ ಹೇಗೆ ಅನ್ನಿಸಿತು ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ.

ಅದಕ್ಕೇ ದಸರಾ ರಜೆಯಲ್ಲಿ ಮತ್ತೆ ಹೊರಟಿದ್ದೇನೆ. ಅದೇ ಹಾದಿ, ಅದೇ ಪಾಸ್. ಈ ಸಲ ಗೆಳತಿಯರೂ ಇಲ್ಲ, ಗುರುತಿಲ್ಲದ ಮಂದಿಯ ಗುಂಪಿನಲ್ಲಿ ಒಬ್ಬಳೇ. ಹೆಸರು ಕೊಟ್ಟಾಗಿದೆ, ಸಾಲಿಯಲ್ಲೂ ಹೇಳಿದ್ದೇನೆ. ನಿಮ್ಮ ಮಗ ಎರಡು ದಿನ ಮುಖ ಊದಿಸಿಕೊಂಡಿದ್ದು ಈಗ ಒಪ್ಪಿದ್ದಾರೆ. ಹಬ್ಬಕ್ಕೆ ನೀವು ಹುಬ್ಬಳ್ಳಿಗೆ ಬಂದಾಗ ಬನ್ನಿ ಕೊಟ್ಟು ಕಾಲಿಗೆ ಬೀಳಲು ನಾನು ಮನೆಯಲ್ಲಿ ಇರುವುದಿಲ್ಲ. ಇದೊಂದು ವರ್ಷ ಮನ್ನಿಸಿರಿ.

ಕಲ್ಲೇಶನಿಗೂ ಅವನ ಹೆಂಡತಿಗೂ ಮಕ್ಕಳಿಗೂ ನನ್ನ ನೆನಪು ತಿಳಿಸಿರಿ. ಬಯ್ಯುವುದಿದ್ದರೆ ನನಗೇ ಬರೆದು ಬಯ್ಯಿರಿ, ಬೇರೆಯವರ ಬಾಯಲ್ಲಿ ಹೇಳಿಸಬೇಡಿ. ಬಯ್ದ ಮೇಲೆ ಹೋಗಿ ಬಾ ಎಂದೂ ಒಂದು ಸಾಲು ಬರೆಯಿರಿ.

ನಿಮ್ಮ ಸೊಸೆ,
ಗೀತಾಂಜಲಿ

ತಾ.ಕ.: ಲಕೋಟೆಗೆ ಅಂಟು ಹಚ್ಚಬೇಕೆನ್ನುವಷ್ಟರಲ್ಲಿ ಸೌಂದರ್ಯಾ ಬಂದಳು. ಏನೂ ಆಗಿಲ್ಲದವಳ ಹಾಗೆ ನಡುಮನೆಯಲ್ಲಿ ನಿಂತು, "ಅಣ್ಣ ಹೇಳ್ದ. ದಸರಾಕ್ಕ ನಾನೂ ಬರ್ತೀನಿ ವೈನಿ. ಈ ಸಲ ಅಂಜಂಗಿಲ್ಲ, ಖರೇನ ಅಂಜಂಗಿಲ್ಲ" ಎಂದು ಅತ್ತಳು. ಈಗ ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದಾಳೆ, ಅದಕ್ಕೇ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನನ್ನ ಬಾಯಿಂದ ಬೇಡ ಎನ್ನುವ ಮಾತು ಹೊರಡಲಿಲ್ಲ, ಹೊರಡುವುದೂ ಇಲ್ಲ, ನನ್ನ ಸ್ವಭಾವ ನನಗೆ ಗೊತ್ತು. ನೀವು ಆಕೆಯ ಹಡೆದ ತಾಯಿ. ನೀವೇ ಆಕೆಗೆ ಬೇಡ ಎಂದು ಹೇಳಬೇಕು. ನಾನು ಹೇಳಿಸಿದೆ ಎಂದು ಮಾತ್ರ ಗೊತ್ತಾಗಬಾರದು. ಈ ಪತ್ರ ಕಲ್ಲೇಶನ ಕೈಗೂ ಕೊಡಬೇಡಿ. ಆಕೆ ಹೊಸ ಬೂಟು ತಂದಿದ್ದಾಳೆ, ತನಗೊಂದು ಜೊತೆ, ನನಗೊಂದು ಜೊತೆ. ಹಾಕಿಕೊಂಡು ನೋಡಿದೆ, ಅಳತೆ ಸರಿಯಾಗಿದೆ. ದಯವಿಟ್ಟು ಆಕೆಗೆ ಲಗೂ ಫೋನ್ ಮಾಡಿರಿ.